ಬಿರುಕೋ, ಬರಿಯ ಗೆರೆಯೋ: ಪಾಲಿಮರ್ ಪಿಸ್ತೂಲಿನ ಮೈಮೇಲಿನ ಗುರುತುಗಳನ್ನು ಓದುವ ಬಗೆ

ಹೊಸ ಪಿಸ್ತೂಲನ್ನು ಪೆಟ್ಟಿಗೆಯಿಂದ ಹೊರತೆಗೆದು, ಬೆಳಕಿಗೆ ಹಿಡಿದು ತಿರುಗಿಸಿ ನೋಡುವವರಲ್ಲಿ ಹಲವರು ಒಂದಲ್ಲ ಒಂದು ಗುರುತನ್ನು ಕಂಡು ಗಾಬರಿಯಾಗುತ್ತಾರೆ. ಟ್ರಿಗರನ್ನು ಸುತ್ತುವರಿದ ಬಳೆಯ ಮೇಲೆ ಕೂದಲೆಳೆಯಂತಹ ಗೆರೆ, ಹಿಡಿಯ ಬೆನ್ನಿನ ಮೇಲೆ ನೇರವಾಗಿ ಇಳಿದ ಸಣ್ಣ ಏಣು, ಒಳಮೈಯಲ್ಲಿ ಪುಟ್ಟ ನಾಣ್ಯವನ್ನು ಒತ್ತಿದಂತಹ ದುಂಡು ಅಚ್ಚು, ಮೇಲಿನ ಉಕ್ಕಿನ ಭಾಗಕ್ಕೂ ಕೆಳಗಿನ ಪ್ಲಾಸ್ಟಿಕ್ ಭಾಗಕ್ಕೂ ನಡುವೆ ಎಡಗಡೆ ಕಿರಿದಾಗಿ ಬಲಗಡೆ ಅಗಲವಾಗಿ ಕಾಣುವ ಸಂದು, ಇವುಗಳಲ್ಲಿ ಯಾವುದನ್ನು ಕಂಡರೂ ಮನಸ್ಸಿನಲ್ಲಿ ಏಳುವ ಪ್ರಶ್ನೆ ಒಂದೇ: ಇದು ಬಿರುಕೇ? ಕೈಯಲ್ಲಿ ಹಿಡಿದು ಮದ್ದು ಸಿಡಿಸುವ ವಸ್ತುವಿನ ವಿಷಯದಲ್ಲಿ ಇಂತಹ ಆತಂಕ ಸಹಜವಾದದ್ದು, ಮತ್ತು ಅದಕ್ಕೆ ಸರಿಯಾದ ಉತ್ತರ ಸಿಗಬೇಕಾದದ್ದು ಅಗತ್ಯ.

ಅಮೆರಿಕದಲ್ಲಿ 2020ರಲ್ಲಿ, ಕೋವಿಡ್ ಹರಡಿದ್ದ ಕಾಲದಲ್ಲಿ, ಬಂದೂಕಿನ ಖರೀದಿ ಹಠಾತ್ತನೆ ಏರಿತು. ಆ ಒಂದೇ ವರ್ಷದಲ್ಲಿ ಬಂದೂಕು ಪಡೆಯುವವರ ಬಗ್ಗೆ ಎಫ್‌ಬಿಐ ವ್ಯವಸ್ಥೆಯ ಮೂಲಕ ನಡೆದ ಹಿನ್ನೆಲೆ ಪರಿಶೀಲನೆಗಳ ಸಂಖ್ಯೆ 3.9 ಕೋಟಿಯನ್ನು ದಾಟಿತು. ಒಂದು ಪರಿಶೀಲನೆಯೆಂದರೆ ಒಂದು ಮಾರಾಟವೆಂದೇ ಅರ್ಥವಲ್ಲವಾದರೂ, ಆಯುಧದ ಪರಿಚಯವೇ ಇಲ್ಲದೆ ಮೊದಲ ಬಾರಿಗೆ ಅದನ್ನು ಮನೆಗೆ ತಂದವರು ಆಗ ಬಹಳ ಮಂದಿ ಇದ್ದರು. ಅವರ ಕೈಗೆ ಬಂದ ಪಿಸ್ತೂಲುಗಳಲ್ಲಿ ಹೆಚ್ಚಿನವು ಪಾಲಿಮರ್, ಎಂದರೆ ಪ್ಲಾಸ್ಟಿಕ್, ಚೌಕಟ್ಟಿನವು. ಆ ದೇಶದಲ್ಲಿ ನೆಲೆಸಿರುವ ಕನ್ನಡಿಗರಿಗೂ ಈ ವಿಷಯ ದೂರದ್ದಲ್ಲ. ಭಾರತದಲ್ಲಿ ಪರಿಸ್ಥಿತಿ ಬೇರೆ. ಇಲ್ಲಿ 9 ಮಿ.ಮೀ. ಅಳತೆಯ ಗುಂಡು ಹಾರಿಸುವ ಪಿಸ್ತೂಲು ನಿಷೇಧಿತ ವರ್ಗಕ್ಕೆ ಸೇರಿರುವುದರಿಂದ ಸಾಮಾನ್ಯ ನಾಗರಿಕರಿಗೆ ಅದು ಸಿಗುವುದಿಲ್ಲ. ರಾಷ್ಟ್ರೀಯ ಭದ್ರತಾ ದಳದಂತಹ ಪಡೆಗಳ ಸೊಂಟದಲ್ಲಿ ಮಾತ್ರ ಅದನ್ನು ಕಾಣುತ್ತೇವೆ.

ಮೊದಲು ಭಾಗಗಳ ಪರಿಚಯ

ಇಂದಿನ ಸಾಮಾನ್ಯ ಪಿಸ್ತೂಲಿನಲ್ಲಿ ಎರಡು ದೊಡ್ಡ ತುಂಡುಗಳಿವೆ. ಮೇಲಿನದು ಸ್ಲೈಡ್, ಎಂದರೆ ಗುಂಡು ಹಾರಿದ ಕೂಡಲೇ ಹಿಂದಕ್ಕೆ ಜಾರಿ ಮತ್ತೆ ಮುಂದಕ್ಕೆ ಬರುವ ಉಕ್ಕಿನ ಕವಚ. ಅದರೊಳಗೆ ಗುಂಡು ಸಾಗುವ ಉಕ್ಕಿನ ನಳಿಕೆ ಇರುತ್ತದೆ. ಕೆಳಗಿನದು ಚೌಕಟ್ಟು, ನಾವು ಕೈಯಲ್ಲಿ ಹಿಡಿಯುವ ಹಿಡಿ, ಟ್ರಿಗರ್, ಮತ್ತು ಹಿಡಿಯೊಳಗೆ ಸೇರಿಸುವ ತೋಟಾಗಳ ಡಬ್ಬಿ, ಅಂದರೆ ಮ್ಯಾಗಜೀನ್, ಇವೆಲ್ಲಕ್ಕೂ ಆಧಾರ ಈ ಚೌಕಟ್ಟೇ. ಟ್ರಿಗರಿನಿಂದ ಮುಂದಕ್ಕೆ ಚಾಚಿ ಸ್ಲೈಡಿನ ಕೆಳಹೊಟ್ಟೆಯನ್ನು ಮುಚ್ಚುವ ಚೌಕಟ್ಟಿನ ತೆಳುವಾದ ಭಾಗಕ್ಕೆ ಡಸ್ಟ್ ಕವರ್ ಎಂದು ಹೆಸರು. ಹೆಸರೇ ಹೇಳುವಂತೆ ಅದರ ಮುಖ್ಯ ಕೆಲಸ ಧೂಳನ್ನು ತಡೆಯುವುದು. ಮುಂದೆ ಸಂದಿನ ಪ್ರಶ್ನೆ ಬಂದಾಗ ಈ ಭಾಗ ಮತ್ತೆ ಬರುವುದರಿಂದ ಇದನ್ನು ನೆನಪಿನಲ್ಲಿಡುವುದು ಒಳಿತು.

ಪಾಲಿಮರ್ ಎಂದರೆ ಸಣ್ಣ ಅಣುಗಳು ಸರಪಳಿಯಂತೆ ಕೊಂಡಿ ಹಾಕಿಕೊಂಡು ಆದ ದೊಡ್ಡ ಅಣುಗಳ ವಸ್ತು. ಎಲ್ಲ ಪ್ಲಾಸ್ಟಿಕ್ಕುಗಳೂ ಪಾಲಿಮರುಗಳೇ. ಪಿಸ್ತೂಲಿನ ಚೌಕಟ್ಟಿಗೆ ಬಳಸುವುದು ಹೆಚ್ಚಾಗಿ ನೈಲಾನ್ ಜಾತಿಯದು. ಸೀರೆಗೂ ಹಗ್ಗಕ್ಕೂ ಹಲ್ಲುಜ್ಜುವ ಬ್ರಷ್ಷಿನ ಎಳೆಗೂ ಬಳಸುವ ಆ ನೈಲಾನೇ. ಇದಕ್ಕೆ ಹಲವು ತಯಾರಕರು ಗಾಜಿನ ನಾರನ್ನು ಬೆರೆಸುತ್ತಾರೆ. ಮಣ್ಣಿನ ಗೋಡೆ ಬಿರಿಯದಿರಲೆಂದು ಹಿಂದಿನವರು ಮಣ್ಣಿಗೆ ಹುಲ್ಲನ್ನು ಬೆರೆಸಿ ತುಳಿಯುತ್ತಿದ್ದರಲ್ಲ, ಗಾಜಿನ ನಾರು ಮಾಡುವ ಕೆಲಸವೂ ಅದೇ. ಇಂತಹ ಒಂದು ನಾರಿನ ದಪ್ಪ ಸುಮಾರು 10 ಮೈಕ್ರಾನ್, ಎಂದರೆ ನಮ್ಮ ತಲೆಗೂದಲಿಗಿಂತ ಹಲವು ಪಟ್ಟು ತೆಳು.

ಉಕ್ಕಿನಿಂದ ನೈಲಾನಿಗೆ

ಜರ್ಮನಿಯ ಹೆಕ್ಲರ್ ಅಂಡ್ ಕಾಖ್ ಸಂಸ್ಥೆ 1970ರಲ್ಲಿ ಹೊರತಂದ ವಿಪಿ70 ಎಂಬುದು ಪಾಲಿಮರ್ ಚೌಕಟ್ಟಿನ ಮೊದಲ ಪಿಸ್ತೂಲು. ಅದಕ್ಕೂ ಮೊದಲೇ, 1959ರಲ್ಲಿ, ಅಮೆರಿಕದ ರೆಮಿಂಗ್ಟನ್ ಸಂಸ್ಥೆ ನೈಲಾನಿನ ಮೈಯುಳ್ಳ ರೈಫಲನ್ನು ಮಾರುಕಟ್ಟೆಗೆ ತಂದಿತ್ತು. ಆದರೆ ಈ ಬಗೆಯನ್ನು ಲೋಕಕ್ಕೆಲ್ಲ ಪರಿಚಯಿಸಿದ್ದು ಆಸ್ಟ್ರಿಯಾದ ಗ್ಯಾಸ್ಟನ್ ಗ್ಲಾಕ್. ಪರದೆಯ ಸರಳುಗಳನ್ನೂ ಸೈನ್ಯಕ್ಕೆ ಬೇಕಾದ ಚಾಕುಗಳನ್ನೂ ತಯಾರಿಸುತ್ತಿದ್ದ ಅವರ ಸಂಸ್ಥೆ ಪಿಸ್ತೂಲಿನ ಕೆಲಸಕ್ಕೆ ಹೊಸದು. ಪ್ಲಾಸ್ಟಿಕ್ ಕೆಲಸದ ಅನುಭವ ಮಾತ್ರ ಅದಕ್ಕಿತ್ತು. ಅವರ ಗ್ಲಾಕ್ 17 ಪಿಸ್ತೂಲನ್ನು 1982ರಲ್ಲಿ ಆಸ್ಟ್ರಿಯಾದ ಸೈನ್ಯ ಒಪ್ಪಿಕೊಂಡಿತು. ತೋಟಾ, ಮ್ಯಾಗಜೀನ್ ಯಾವುದೂ ಇಲ್ಲದಾಗ ಅದರ ತೂಕ ಸುಮಾರು 630 ಗ್ರಾಂ. ಭಾರತೀಯ ಸೈನ್ಯಕ್ಕಾಗಿ ಪಶ್ಚಿಮ ಬಂಗಾಳದ ಈಶಾಪುರದ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ 9 ಮಿ.ಮೀ. 1ಎ ಪಿಸ್ತೂಲಿನಂತಹ ಪೂರ್ತಿ ಉಕ್ಕಿನ ಪಿಸ್ತೂಲನ್ನು ಹಿಡಿದು ಬಲ್ಲವರಿಗೆ ಈ ಹಗುರತನ ಮೊದಲ ಹಿಡಿತದಲ್ಲೇ ತಿಳಿಯುತ್ತದೆ. ಉಕ್ಕಿನ ಸಾಂದ್ರತೆ ನೀರಿನ ಸುಮಾರು 7.8 ಪಟ್ಟು, ನೈಲಾನಿನದು 1.14 ಪಟ್ಟು, ಗಾಜಿನ ನಾರು ಬೆರೆತರೂ ಅದು 1.4ರ ಆಸುಪಾಸಿನಲ್ಲೇ ಇರುತ್ತದೆ.

ಪ್ಲಾಸ್ಟಿಕ್ ಎಂಬ ಪದವೇ ಈ ಪಿಸ್ತೂಲಿನ ಮೇಲೆ ಅನುಮಾನ ಹುಟ್ಟಿಸಿತು. ಇದು ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಕಾಣಿಸದೆ ದಾಟಿಹೋಗುತ್ತದೆ ಎಂಬ ಭಯ 1986ರಲ್ಲಿ ಅಮೆರಿಕದ ಪತ್ರಿಕೆಗಳ ತುಂಬ ಹರಡಿತು. ವಾಸ್ತವದಲ್ಲಿ ಅದರ ತೂಕದ ನಾಲ್ಕರಲ್ಲಿ ಮೂರು ಪಾಲಿಗೂ ಹೆಚ್ಚು ಉಕ್ಕೇ. ಪತ್ತೆಯಾಗದ ಆಯುಧಗಳನ್ನು ನಿಷೇಧಿಸಲು 1988ರಲ್ಲಿ ಅಲ್ಲಿ ಬಂದ ಕಾನೂನು ಗೊತ್ತುಪಡಿಸಿದ ಕನಿಷ್ಠ ಲೋಹದ ಪ್ರಮಾಣ 3.7 ಔನ್ಸ್, ಸುಮಾರು 105 ಗ್ರಾಂ. ಗ್ಲಾಕ್ ಪಿಸ್ತೂಲಿನಲ್ಲಿ ಅದರ ಹಲವು ಪಟ್ಟು ಲೋಹವಿದೆ. ಆ ಭಯ ಹೋಯಿತು. ಆದರೆ ಪ್ಲಾಸ್ಟಿಕ್ಕು ಒಡೆಯುವ ವಸ್ತು ಎಂಬ ಭಾವನೆ ಉಳಿದುಕೊಂಡಿತು, ಮತ್ತು ಚೌಕಟ್ಟಿನ ಮೇಲೆ ಕಾಣುವ ಪ್ರತಿಯೊಂದು ಗೆರೆಯನ್ನೂ ಜನರು ಇಂದಿಗೂ ಆ ಭಾವನೆಯ ಮೂಲಕವೇ ನೋಡುತ್ತಾರೆ.

ಭಾರ ಹೊರುವುದು ಯಾವುದು?

ಯಾವ ಗುರುತು ಮುಖ್ಯ, ಯಾವುದು ಅಲ್ಲ ಎಂಬುದನ್ನು ತೀರ್ಮಾನಿಸಲು ಗುಂಡು ಹಾರುವ ಕ್ಷಣದಲ್ಲಿ ಬಲ ಎಲ್ಲೆಲ್ಲಿ ಹಾದುಹೋಗುತ್ತದೆ ಎಂಬುದನ್ನು ತಿಳಿದಿರಬೇಕು. ಉಳಿದೆಲ್ಲ ವಿವರಣೆಗೂ ಇದೇ ತಳಹದಿ.

9 ಮಿ.ಮೀ. ತೋಟಾ ಸಿಡಿದಾಗ ನಳಿಕೆಯೊಳಗೆ ಏಳಬಹುದಾದ ಗರಿಷ್ಠ ಒತ್ತಡಕ್ಕೆ ಯುರೋಪಿನ ಮಾನಕ ವಿಧಿಸಿರುವ ಮಿತಿ 2,350 ಬಾರ್. ಅಡುಗೆಮನೆಯ ಪ್ರೆಷರ್ ಕುಕ್ಕರ್ ಕೂಗುವಾಗ ಅದರೊಳಗೆ ಹೊರಗಿನ ಗಾಳಿಗಿಂತ ಹೆಚ್ಚಾಗಿ ಇರುವ ಒತ್ತಡ ಸುಮಾರು 1 ಬಾರ್ ಎಂದರೆ ಈ ಸಂಖ್ಯೆಯ ಗಾತ್ರ ಅರ್ಥವಾಗುತ್ತದೆ. ಈ ಒತ್ತಡವನ್ನು ತಡೆದುಕೊಳ್ಳುವುದು ನಳಿಕೆಯ ಉಕ್ಕು, ಸ್ಲೈಡಿನ ಉಕ್ಕು ಮತ್ತು ತೋಟಾದ ಹಿತ್ತಾಳೆ. ಆ ಕ್ಷಣದಲ್ಲಿ ನಳಿಕೆ ಮತ್ತು ಸ್ಲೈಡ್ ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ಎರಡೂ ಒಟ್ಟಿಗೆ ಕೆಲವು ಮಿಲಿಮೀಟರ್ ಹಿಂದಕ್ಕೆ ಸರಿದು, ಗುಂಡು ಹೊರಟುಹೋಗಿ ಒತ್ತಡ ಇಳಿದ ಮೇಲೆ ನಳಿಕೆಯ ಹಿಂತುದಿ ಕೆಳಗೆ ವಾಲಿ ಕೊಂಡಿ ಬಿಡುತ್ತದೆ. ಹಾಗೆ ವಾಲಿಸುವುದು ಚೌಕಟ್ಟಿನೊಳಗೆ ಕೂರಿಸಿದ ಲಾಕಿಂಗ್ ಬ್ಲಾಕ್ ಎಂಬ ಉಕ್ಕಿನ ತುಂಡು. ಸ್ಲೈಡ್ ಓಡಾಡುವುದು ಕೂಡ ಪ್ಲಾಸ್ಟಿಕ್ಕಿನ ಮೇಲಲ್ಲ. ಗ್ಲಾಕ್ ಪಿಸ್ತೂಲಿನ ಚೌಕಟ್ಟಿನಲ್ಲಿ ಮುಂದೆ ಎರಡು, ಹಿಂದೆ ಎರಡು, ಹೀಗೆ ಉಕ್ಕಿನ ನಾಲ್ಕು ಗಿಡ್ಡ ಹಳಿಗಳು ಇಣುಕುತ್ತವೆ; ಸ್ಲೈಡ್ ಜಾರುವುದು ಅವುಗಳ ಮೇಲೆ.

ಹೀಗಿರುವಾಗ ಪ್ಲಾಸ್ಟಿಕ್ ಚೌಕಟ್ಟಿನ ಪಾಲಿನ ಕೆಲಸವೇನು? ಉಕ್ಕಿನ ತುಂಡುಗಳನ್ನು ತಂತಮ್ಮ ಜಾಗದಲ್ಲಿ ಹಿಡಿದಿಡುವುದು, ಹಿಮ್ಮೆಟ್ಟುವ ಹೊಡೆತವನ್ನು ಕೈಗೆ ದಾಟಿಸುವುದು, ಮತ್ತು ಆ ಹೊಡೆತದಲ್ಲಿ ಸ್ವಲ್ಪ ಬಾಗಿ ಮರಳಿ ಮೊದಲಿನ ಆಕಾರಕ್ಕೆ ಬರುವುದು. ನಿಧಾನಗತಿಯ ಚಿತ್ರೀಕರಣದಲ್ಲಿ ಚೌಕಟ್ಟು ಅಲೆಯಂತೆ ಬಳುಕುವುದನ್ನು ಕಂಡು ಬೆಚ್ಚಿದವರಿದ್ದಾರೆ. ಆ ಬಳುಕು ವಿನ್ಯಾಸದ ಭಾಗವೇ. ಗಾಳಿಗೆ ಬಾಗುವ ಬಿದಿರಿನಂತೆ ನೈಲಾನು ಬಾಗಿ ಉಳಿಯುತ್ತದೆ.

ಅಚ್ಚು ಬಿಟ್ಟುಹೋದ ಗುರುತುಗಳು

ಮನೆಯಲ್ಲಿರುವ ಪ್ಲಾಸ್ಟಿಕ್ ಬಕೆಟ್ಟನ್ನು ಮಗುಚಿ ನೋಡಿದರೆ ತಳದ ನಟ್ಟನಡುವೆ ಒಂದು ಚಿಕ್ಕ ಮೊಟ್ಟು ಕಾಣುತ್ತದೆ. ಮದುವೆ ಮಂಟಪದ ಕುರ್ಚಿಯ ಕಾಲಿನ ಅಂಚನ್ನು ಸವರಿದರೆ ಉದ್ದಕ್ಕೂ ಒಂದು ಏಣು ಬೆರಳಿಗೆ ತಾಗುತ್ತದೆ. ಇವುಗಳನ್ನು ನಾವು ಎಂದೂ ದೋಷವೆಂದು ಎಣಿಸಿಲ್ಲ, ಗಮನಿಸಿಯೂ ಇಲ್ಲ. ಪಿಸ್ತೂಲಿನ ಚೌಕಟ್ಟು ಹುಟ್ಟುವುದು ಅದೇ ವಿಧಾನದಲ್ಲಿ. ಅದರ ಹೆಸರು ಇಂಜೆಕ್ಷನ್ ಮೋಲ್ಡಿಂಗ್. ಬೆಂಗಳೂರಿನ ಪೀಣ್ಯದಲ್ಲಿ ಮೋಲ್ಡಿಂಗ್ ಯಂತ್ರದ ಮುಂದೆ ಕೆಲಸ ಮಾಡಿದವರಿಗೂ, ಸರ್ಕಾರಿ ತರಬೇತಿ ಕೇಂದ್ರವಾದ ಜಿಟಿಟಿಸಿಯಲ್ಲಿ ಡೈ, ಎಂದರೆ ಅಚ್ಚು, ಮಾಡುವುದನ್ನು ಕಲಿತವರಿಗೂ ಈ ಭಾಗ ಹೊಸದೆನಿಸಲಾರದು.

ಚಕ್ಕುಲಿ ಒರಳಿನಲ್ಲಿ ಹಿಟ್ಟನ್ನು ತುಂಬಿ ಒತ್ತುವಂತೆ, ಕಾಳಿನ ರೂಪದ ನೈಲಾನನ್ನು ಕರಗಿಸಿ ಬಲವಾದ ಒತ್ತಡದಿಂದ ಉಕ್ಕಿನ ಅಚ್ಚಿನೊಳಗೆ ನುಗ್ಗಿಸುತ್ತಾರೆ. ನೈಲಾನಿನ ಜಾತಿಗೆ ತಕ್ಕಂತೆ ಅದು ಕರಗುವುದು 220ರಿಂದ 260 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಹಳಿಯಂತಹ ಉಕ್ಕಿನ ತುಂಡುಗಳನ್ನು ಮೊದಲೇ ಅಚ್ಚಿನೊಳಗೆ ಇಟ್ಟಿರುತ್ತಾರೆ. ಕರಗಿದ ನೈಲಾನು ಅವುಗಳ ಸುತ್ತ ಹರಿದು, ಕಾಂಕ್ರೀಟು ಕಬ್ಬಿಣದ ಸರಳನ್ನು ಅಪ್ಪುವಂತೆ ಅಪ್ಪಿಕೊಂಡು ಗಟ್ಟಿಯಾಗುತ್ತದೆ. ಅನಂತರ ಅಚ್ಚು ತೆರೆದುಕೊಂಡು ಚೌಕಟ್ಟು ಹೊರಬರುತ್ತದೆ. ಈ ಕೆಲಸದ ಪ್ರತಿಯೊಂದು ಹಂತವೂ ತನ್ನ ಒಂದು ಗುರುತನ್ನು ಬಿಟ್ಟುಹೋಗುತ್ತದೆ.

ಅಚ್ಚು ಎರಡು ಹೋಳುಗಳದ್ದು. ಆ ಹೋಳುಗಳು ಎಷ್ಟೇ ನಿಖರವಾಗಿ ಕೂಡಿಕೊಂಡರೂ ಕೂಡುವ ಗೆರೆಯಲ್ಲಿ ಕೂದಲಿನ ಎಳೆಯಷ್ಟು ನೈಲಾನು ಉಬ್ಬಿ ನಿಲ್ಲುತ್ತದೆ. ಹಿಡಿಯ ಬೆನ್ನು, ಹಿಡಿಯ ಮುಂಭಾಗ, ಟ್ರಿಗರ್ ಬಳೆಯ ಕೆಳಗಿನ ಅಂಚು, ಈ ಜಾಗಗಳಲ್ಲಿ ಕಾಣುವ ಉದ್ದನೆಯ ಏಣು ಅದೇ. ಕೆಲವು ತಯಾರಕರು ಅದನ್ನು ಉಜ್ಜಿ ಸಮ ಮಾಡುತ್ತಾರೆ, ಕೆಲವರು ಹಾಗೆಯೇ ಬಿಡುತ್ತಾರೆ. ಅದು ಬೆರಳಿಗೆ ಚುಚ್ಚಿದರೆ ಕಿರಿಕಿರಿಯಾಗಬಹುದು, ಆದರೆ ಬಲಕ್ಕೂ ಅದಕ್ಕೂ ಸಂಬಂಧವಿಲ್ಲ.

ಗಟ್ಟಿಯಾದ ಚೌಕಟ್ಟನ್ನು ಅಚ್ಚಿನಿಂದ ಹೊರಕ್ಕೆ ತಳ್ಳುವುದಕ್ಕೆ ಸಣ್ಣ ಉಕ್ಕಿನ ಕಡ್ಡಿಗಳಿರುತ್ತವೆ. ಇನ್ನೂ ಬಿಸಿಯಾಗಿರುವ ನೈಲಾನಿನ ಮೇಲೆ ಅವು ಒತ್ತಿದ ಕಡೆ ದುಂಡು ಮುದ್ರೆ ಬೀಳುತ್ತದೆ. ನೈಲಾನು ಒಳಹೊಕ್ಕ ದ್ವಾರವನ್ನು ಕತ್ತರಿಸಿದ ಜಾಗದಲ್ಲಿ ಬಕೆಟ್ಟಿನ ತಳದಲ್ಲಿರುವಂತಹ ಮೊಟ್ಟು ಅಥವಾ ಒರಟು ಕಲೆ ಉಳಿಯುತ್ತದೆ. ಇನ್ನು ದಪ್ಪ ಗೋಡೆಯ ಹೊರಮೈಯಲ್ಲಿ ಕೆಲವೊಮ್ಮೆ ಆಳವಿಲ್ಲದ ತಗ್ಗು ಕಾಣುತ್ತದೆ. ಕಾಸಿದ ತುಪ್ಪವನ್ನು ಡಬ್ಬಿಗೆ ಹಾಕಿಟ್ಟರೆ ಅದು ಹೆಪ್ಪುಗಟ್ಟುವಾಗ ನಡುವೆ ಕುಳಿ ಬೀಳುವುದನ್ನು ನೋಡಿದ್ದೇವೆ. ಅಂಚು ಮೊದಲು ಗಟ್ಟಿಯಾಗಿ ನಡುಭಾಗ ಆಮೇಲೆ ಕುಗ್ಗುವುದೇ ಅಲ್ಲಿ ಕಾರಣ, ಇಲ್ಲಿಯೂ ಅದೇ ಕಾರಣ.

ಎಲ್ಲಕ್ಕಿಂತ ಹೆಚ್ಚು ಹೆದರಿಸುವುದು ಬೆಸುಗೆ ಗೆರೆ. ಕಾವಲಿಯ ಮೇಲೆ ಎರಡು ಕಡೆ ಹುಯ್ದ ದೋಸೆ ಹಿಟ್ಟು ಹರಡಿಕೊಂಡು ಒಂದನ್ನೊಂದು ಮುಟ್ಟಿದಾಗ, ಅವು ಕೂಡಿದ ಜಾಗದಲ್ಲಿ ಒಂದು ಗೆರೆ ಉಳಿಯುತ್ತದೆ. ಅಚ್ಚಿನೊಳಗೆ ಹರಿಯುವ ನೈಲಾನಿಗೂ ದಾರಿಯಲ್ಲಿ ರಂಧ್ರವೋ ಬಳೆಯೋ ಅಡ್ಡ ಬಂದರೆ ಅದು ಎರಡಾಗಿ ಒಡೆದು ಆಚೆ ಬದಿಯಲ್ಲಿ ಮತ್ತೆ ಕೂಡಬೇಕಾಗುತ್ತದೆ. ಅಷ್ಟು ಹೊತ್ತಿಗೆ ಎರಡೂ ಹರಿವುಗಳ ಮುಂತುದಿ ಸ್ವಲ್ಪ ತಣಿದಿರುವುದರಿಂದ ಕೂಡಿದ ಗೆರೆ ಕಣ್ಣಿಗೆ ಕಾಣುತ್ತದೆ. ಟ್ರಿಗರ್ ಬಳೆಯ ಮೇಲೆ ಮತ್ತು ಒಳಭಾಗಗಳನ್ನು ಹಿಡಿದಿಡುವ ಪಿನ್ನುಗಳ ರಂಧ್ರಗಳ ಪಕ್ಕದಲ್ಲಿ ಇಂತಹ ಗೆರೆ ಇರುವುದು ಅದಕ್ಕಾಗಿಯೇ. ಇದರ ಬಗ್ಗೆ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಗಾಜಿನ ನಾರುಗಳು ಈ ಗೆರೆಯನ್ನು ದಾಟಿ ಹೆಣೆದುಕೊಳ್ಳುವುದಿಲ್ಲವಾದ್ದರಿಂದ ಸುತ್ತಲಿನ ಭಾಗಕ್ಕಿಂತ ಅಲ್ಲಿನ ಬಲ ನಿಜವಾಗಿಯೂ ಕಡಿಮೆ. ಅಚ್ಚು ವಿನ್ಯಾಸಗೊಳಿಸುವವರು ಇದನ್ನು ಬಲ್ಲರು. ನೈಲಾನು ಒಳಬರುವ ದ್ವಾರಗಳ ಜಾಗವನ್ನು ಆರಿಸುವಾಗಲೇ, ಬೆಸುಗೆ ಗೆರೆ ಭಾರ ಬೀಳದ ಕಡೆ ಬರುವಂತೆ ಲೆಕ್ಕ ಹಾಕುತ್ತಾರೆ. ಟ್ರಿಗರ್ ಬಳೆ ಬೆರಳಿಗೆ ರಕ್ಷಣೆಯೇ ಹೊರತು ಗುಂಡಿನ ಹೊಡೆತವನ್ನು ಹೊರುವ ಭಾಗವಲ್ಲ.

ಬೂದಿ ಬಳಿದಂತಹ ಮಸುಕು ಪಟ್ಟೆಗಳು ಮತ್ತೊಂದು ಬಗೆ. ಗಾಜಿನ ನಾರುಗಳು ಹೊರಮೈಯ ತೀರ ಹತ್ತಿರಕ್ಕೆ ಬಂದಾಗ ಕಪ್ಪು ಬಣ್ಣ ಮಂಕಾಗಿ ಕಾಣುತ್ತದೆ. ತೆಳುವಾಗಿ ಎಣ್ಣೆ ಸವರಿದರೆ ಆ ಮಸುಕು ತಾತ್ಕಾಲಿಕವಾಗಿ ಮರೆಯಾಗುವುದುಂಟು. ಚೌಕಟ್ಟು ಬಳಕೆಯಲ್ಲಿ ಹೊಳಪೇರುವುದು ಇದಕ್ಕೆ ತದ್ವಿರುದ್ಧ. ಹೊಸ ಚೌಕಟ್ಟಿನ ಮಂದ ಮೈ ಅಚ್ಚಿನಲ್ಲೇ ಮೂಡಿಸಿದ ಸೂಕ್ಷ್ಮ ತರಿ. ಅಂಗೈ ಮತ್ತೆ ಮತ್ತೆ ತಾಗಿದಲ್ಲಿ ಆ ತರಿ ಸವೆದು ಮೈ ನುಣುಪಾಗುತ್ತದೆ. ಪಿನ್ನನ್ನು ಹೊಡೆದು ತೆಗೆದಾಗ ರಂಧ್ರದ ಸುತ್ತ ಬಿಳಿಯ ಉಂಗುರ ಮೂಡುವುದುಂಟು. ಪ್ಲಾಸ್ಟಿಕ್ ಸ್ಕೇಲನ್ನು ಬಗ್ಗಿಸಿದಾಗ ಬಿಳಿಚಿಕೊಳ್ಳುವಂತೆ, ಅಲ್ಲಿ ನೈಲಾನು ಸ್ವಲ್ಪ ಎಳೆತಕ್ಕೆ ಸಿಕ್ಕಿದೆ ಎಂದು ಅದರ ಅರ್ಥ. ಅದು ಹಾಗೆಯೇ ಇದ್ದರೆ ಚಿಂತೆಯಿಲ್ಲ. ಅಲ್ಲಿಂದ ಗೆರೆಯೊಂದು ಹೊರಟರೆ ಮಾತ್ರ ಗಮನಿಸಬೇಕು.

ಡಸ್ಟ್ ಕವರಿನ ಕೆಳಗೆ ಕ್ರಮಸಂಖ್ಯೆ ಕೊರೆದ ಲೋಹದ ಪುಟ್ಟ ಫಲಕವೊಂದು ನೈಲಾನಿನಲ್ಲಿ ಹುದುಗಿರುತ್ತದೆ. ಸಂಖ್ಯೆಯನ್ನು ಸುಲಭವಾಗಿ ಅಳಿಸಲಾಗದಂತೆ ಲೋಹದ ಮೇಲೆ ಕೊರೆಯುವ ಏರ್ಪಾಡು ಅದು. ಫಲಕ ಕೂದಲೆಳೆಯಷ್ಟು ವಾರೆಯಾಗಿ ಕೂತಿರಬಹುದು, ಅದರ ಅಂಚಿನಲ್ಲಿ ನೈಲಾನು ಒಂದು ಕಡೆ ಹೆಚ್ಚಾಗಿ ಹರಿದಿರಬಹುದು. ಇದು ನೋಟದ ಮಾತು ಅಷ್ಟೆ. ಆದರೆ ಅದನ್ನು ಸಮ ಮಾಡಲು ಉಜ್ಜುವ ಯೋಚನೆ ಯಾರಿಗೂ ಬರಬಾರದು. ಕ್ರಮಸಂಖ್ಯೆಯನ್ನು ಕೆಡಿಸುವುದು ಅಮೆರಿಕದಲ್ಲಿಯೂ ಭಾರತದಲ್ಲಿಯೂ ಅಪರಾಧ.

ಸಂದು ಎರಡೂ ಕಡೆ ಸಮನಾಗಿ ಏಕಿರುವುದಿಲ್ಲ?

ಸ್ಲೈಡಿನ ಮುಂಭಾಗವನ್ನು ಎದುರಿನಿಂದ ನೋಡಿದಾಗ ಡಸ್ಟ್ ಕವರ್ ಸ್ವಲ್ಪ ಎಡಕ್ಕೋ ಬಲಕ್ಕೋ ವಾಲಿದಂತೆ, ಇಲ್ಲವೇ ಬದಿಯಿಂದ ನೋಡಿದಾಗ ಮುಂತುದಿ ಮೇಲಕ್ಕೆ ಎದ್ದಂತೆ ಕಾಣುವುದು ತೀರ ಸಾಮಾನ್ಯ. ದುಬಾರಿ ಬೆಲೆ ಕೊಟ್ಟವರಿಗೆ ಇದು ಕಣ್ಣಿಗೆ ಚುಚ್ಚುತ್ತದೆ. ಕಾರಣವನ್ನು ತಿಳಿದರೆ ಮನಸ್ಸು ಹಗುರಾಗಬಹುದು.

ಕರಗಿದ ನೈಲಾನು ತಣಿಯುವಾಗ ಕುಗ್ಗುತ್ತದೆ. ನಾರು ಬೆರೆಸದ ನೈಲಾನು ನೂರಕ್ಕೆ ಒಂದರಿಂದ ಎರಡು ಪಾಲು ಕುಗ್ಗಿದರೆ, ಗಾಜಿನ ನಾರು ಬೆರೆತದ್ದು ಬಹಳ ಕಡಿಮೆ ಕುಗ್ಗುತ್ತದೆ. ಆದರೆ ಆ ಕುಗ್ಗುವಿಕೆ ಎಲ್ಲ ದಿಕ್ಕಿನಲ್ಲೂ ಒಂದೇ ಸಮನಾಗಿರುವುದಿಲ್ಲ. ಹೊಳೆಯಲ್ಲಿ ತೇಲಿಬಿಟ್ಟ ಕಟ್ಟಿಗೆಗಳು ನೀರಿನ ಸೆಳೆತದ ದಿಕ್ಕಿಗೆ ತಿರುಗಿಕೊಳ್ಳುವಂತೆ ನಾರುಗಳು ನೈಲಾನಿನ ಹರಿವಿನ ದಿಕ್ಕಿಗೆ ಮುಖ ಮಾಡುತ್ತವೆ. ಆ ದಿಕ್ಕಿನಲ್ಲಿ ಅವು ಕುಗ್ಗುವಿಕೆಯನ್ನು ತಡೆಯುತ್ತವೆ, ಅಡ್ಡ ದಿಕ್ಕಿನಲ್ಲಿ ಅಷ್ಟಾಗಿ ತಡೆಯುವುದಿಲ್ಲ. ಜೊತೆಗೆ, ತೆಳುವಾದ ಗೋಡೆ ಬೇಗ ತಣಿಯುತ್ತದೆ, ದಪ್ಪನಾದದ್ದು ನಿಧಾನವಾಗಿ ತಣಿಯುತ್ತದೆ. ಬಿಸಿಲಿಗೆ ಹಾಕಿದ ಹಪ್ಪಳದ ಒಂದು ಬದಿ ಮೊದಲು ಒಣಗಿದರೆ ಅಂಚು ಮುದುರುತ್ತದಲ್ಲ, ಹಾಗೆಯೇ ಇಲ್ಲಿಯೂ ಆಗುತ್ತದೆ. ಹತ್ತು ಸೆಂಟಿಮೀಟರ್ ಉದ್ದದಲ್ಲಿ ನೂರಕ್ಕೆ ಅರ್ಧ ಪಾಲಿನ ವ್ಯತ್ಯಾಸವೆಂದರೆ ಅರ್ಧ ಮಿಲಿಮೀಟರ್. ಎರಡು ನೇರ ಅಂಚುಗಳ ನಡುವಿನ ಅಷ್ಟು ಅಂತರವನ್ನು ಕಣ್ಣು ಕೂಡಲೇ ಹಿಡಿಯುತ್ತದೆ.

ನೈಲಾನಿಗೆ ಇನ್ನೊಂದು ಗುಣವಿದೆ: ಅದು ತೇವವನ್ನು ಹೀರುತ್ತದೆ. ಅಚ್ಚಿನಿಂದ ಹೊರಬಂದ ಒಣ ನೈಲಾನು ದಿನಗಳು, ವಾರಗಳು ಕಳೆದಂತೆ ಗಾಳಿಯ ತೇವವನ್ನು ಸೇರಿಸಿಕೊಂಡು ತುಸುವೇ ಹಿಗ್ಗುತ್ತದೆ. ಒಣಗಿದರೆ ಮತ್ತೆ ಕುಗ್ಗುತ್ತದೆ. ಮಳೆಗಾಲದಲ್ಲಿ ಮರದ ಬಾಗಿಲು ಬಿಗಿಯಾಗಿ, ಬೇಸಗೆಯಲ್ಲಿ ಸಡಿಲವಾಗುವುದನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ನೈಲಾನಿಗೆ ಈ ತೇವ ಒಂದು ಮಿತಿಯವರೆಗೆ ಒಳ್ಳೆಯದೇ, ಏಕೆಂದರೆ ಪೂರ್ತಿ ಒಣಗಿದ ನೈಲಾನಿಗಿಂತ ಸ್ವಲ್ಪ ತೇವವಿರುವ ನೈಲಾನು ಪೆಟ್ಟನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ.

ಈ ಸಂದಿನಿಂದ ಪಿಸ್ತೂಲಿನ ಕೆಲಸ ಕೆಡುವುದಿಲ್ಲವೇ? ರೈಲು ಓಡುವುದು ಹಳಿಯ ಮೇಲೆ. ಪ್ಲಾಟ್‌ಫಾರ್ಮಿನ ಅಂಚಿಗೂ ಬೋಗಿಗೂ ನಡುವಿನ ಸಂದು ಒಂದು ತುದಿಯಲ್ಲಿ ಕಿರಿದಾಗಿ ಇನ್ನೊಂದು ತುದಿಯಲ್ಲಿ ಅಗಲವಾಗಿದ್ದರೂ ರೈಲಿನ ಓಟಕ್ಕೆ ಏನೂ ಆಗುವುದಿಲ್ಲ. ಸ್ಲೈಡ್ ಕೂಡ ತನ್ನ ಉಕ್ಕಿನ ಹಳಿಗಳ ಮೇಲೆ ಓಡುತ್ತದೆ, ಡಸ್ಟ್ ಕವರ್ ಅದನ್ನು ಹೊರುವುದಿಲ್ಲ. ಡಸ್ಟ್ ಕವರ್ ಸ್ಲೈಡಿಗೆ ಉಜ್ಜಿ ಅದರ ಓಡಾಟವನ್ನು ತಡೆಯುತ್ತಿದ್ದರೆ, ಅಥವಾ ಅದರ ಕೆಳಗೆ ಬಿಗಿಯಾಗಿ ಕೂರಿಸಿದ ಲೈಟಿನಿಂದ ಹಾಗಾಗುತ್ತಿದ್ದರೆ, ಆಗ ಮಾತ್ರ ಅದು ನೋಟದ ಮಾತನ್ನು ದಾಟಿದೆ ಎಂದು ತಿಳಿಯಬೇಕು.

ಅಲುಗಾಡುವುದು ಸಡಿಲತನವೇ?

ಸ್ಲೈಡನ್ನು ಹಿಡಿದು ಎಡಕ್ಕೆ ಬಲಕ್ಕೆ ಅಲ್ಲಾಡಿಸಿದರೆ ಅದು ಸ್ವಲ್ಪ ಅಲುಗುತ್ತದೆ. ಧೂಳು, ಮಸಿ, ಮರಳಿನ ಕಣ ಸಿಕ್ಕಿಕೊಂಡರೂ ಸ್ಲೈಡ್ ಓಡಾಡಬೇಕೆಂದು ಬೇಕೆಂದೇ ಬಿಟ್ಟ ಜಾಗ ಅದು. ಗುರಿ ತಪ್ಪುತ್ತದೆ ಎಂಬ ಭಯಕ್ಕೂ ಆಧಾರ ಕಡಿಮೆ: ಗುರಿ ಹಿಡಿಯುವ ಮುಂದಿನ, ಹಿಂದಿನ ಗುರುತುಗಳೆರಡೂ ಸ್ಲೈಡಿನ ಮೇಲೆಯೇ ಇವೆ, ಮತ್ತು ಗುಂಡು ಹಾರುವ ಕ್ಷಣದಲ್ಲಿ ನಳಿಕೆ ಕಚ್ಚಿಕೊಂಡಿರುವುದೂ ಸ್ಲೈಡಿಗೇ. ಈ ಮೂರೂ ಒಟ್ಟಿಗೆ ಅಲುಗುವುದರಿಂದ ಗುರಿಗೂ ನಳಿಕೆಗೂ ಇರುವ ಸಂಬಂಧ ಕೆಡುವುದಿಲ್ಲ. ಗ್ಲಾಕ್ ಸಂಸ್ಥೆಯ ಪ್ಲಾಸ್ಟಿಕ್ ಹೊದಿಕೆಯ ಮ್ಯಾಗಜೀನ್ ತೋಟಾ ತುಂಬಿದಾಗ ತುಸು ಉಬ್ಬುವುದೂ ಇದೇ ಬಗೆಯ ಸಹಜ ವರ್ತನೆ.

ಉಕ್ಕಿನ ಭಾಗದ ಮೇಲಿನ ಸವೆತ ಮತ್ತು ಕಲೆ

ಚೌಕಟ್ಟಿನ ಬಗ್ಗೆ ನಿಶ್ಚಿಂತರಾದವರೂ ಕೆಲವು ತಿಂಗಳ ನಂತರ ಸ್ಲೈಡಿನ ಮೂತಿಯ ಅಂಚುಗಳಲ್ಲಿ ಕಪ್ಪು ಹೋಗಿ ಬೂದು ಬಣ್ಣ ಕಾಣಿಸಿಕೊಂಡಾಗ ಮತ್ತೆ ಚಿಂತೆಗೀಡಾಗುತ್ತಾರೆ. ಪಿಸ್ತೂಲನ್ನು ಸೊಂಟದ ಚೀಲಕ್ಕೆ, ಎಂದರೆ ಹೋಲ್‌ಸ್ಟರಿಗೆ, ಸೇರಿಸುವಾಗ ಮತ್ತು ಅದರಿಂದ ಎಳೆಯುವಾಗ ಉಜ್ಜಿದ್ದರಿಂದ ಹಾಗಾಗಿರುತ್ತದೆ. ಇದರಲ್ಲಿ ಎರಡು ಪದರಗಳಿವೆ ಎಂಬುದನ್ನು ತಿಳಿಯಬೇಕು. ಗ್ಲಾಕ್ ಸಂಸ್ಥೆ ದೀರ್ಘಕಾಲ ಬಳಸಿದ ಟೆನಿಫರ್ ಎಂಬ ವಿಧಾನದಲ್ಲಿ, ಉಕ್ಕನ್ನು ಕರಗಿದ ಲವಣಗಳಲ್ಲಿ ಮುಳುಗಿಸಿ ಅದರ ಮೈಯೊಳಗೇ ಸಾರಜನಕವನ್ನೂ ಇಂಗಾಲವನ್ನೂ ಇಳಿಸುತ್ತಾರೆ. ಹೀಗೆ ಗಟ್ಟಿಗೊಂಡ ಹೊರಮೈ ಗಡಸುತನವನ್ನು ಅಳೆಯುವ ರಾಕ್‌ವೆಲ್ ಸಿ ಮಾಪಕದಲ್ಲಿ 60ನ್ನು ದಾಟುತ್ತದೆ. ಅಡುಗೆಮನೆಯ ಒಳ್ಳೆಯ ಚಾಕುವಿನ ಗಡಸುತನ ಹೆಚ್ಚಾಗಿ 60ರ ಒಳಗೇ. ನಮಗೆ ಕಾಣುವ ಕಪ್ಪು ಬಣ್ಣ ಅದರ ಮೇಲೆ ಬೇರೆಯಾಗಿ ಕೊಟ್ಟ ಲೇಪ. ಹೊಸ್ತಿಲಿಗೆ ಬಳಿದ ಬಣ್ಣ ಕಾಲು ತಾಗಿ ತಾಗಿ ಹೋದರೂ ಮರ ಸವೆಯದಿರುವಂತೆ, ಕಪ್ಪು ಹೋದ ಮೇಲೂ ಕೆಳಗಿನ ಗಡಸು ಪದರ ಉಳಿದು ತುಕ್ಕನ್ನು ತಡೆಯುತ್ತಲೇ ಇರುತ್ತದೆ. ಈ ಮಾತು ಎಲ್ಲ ತಯಾರಕರ ಎಲ್ಲ ಲೇಪಗಳಿಗೂ ಅನ್ವಯಿಸುವುದಿಲ್ಲ. ಹಳೆಯ ಬಗೆಯ ಬ್ಲೂಯಿಂಗ್, ಎಂದರೆ ರಾಸಾಯನಿಕದಿಂದ ಮೈಯನ್ನು ನೀಲಿಗಪ್ಪಾಗಿಸುವ ಸಂಸ್ಕರಣೆ, ಮಾಡಿದ ಉಕ್ಕಿನಲ್ಲಿ ಬಣ್ಣ ಹೋದ ಕಡೆ ತುಕ್ಕು ಹಿಡಿಯುತ್ತದೆ, ಅಲ್ಲಿ ಎಣ್ಣೆ ಸವರುವುದು ಅಗತ್ಯ.

ನಳಿಕೆಯ ಮೂತಿಯ ಬಳಿ ಕಮಾನಿನಂತಹ ಹೊಳಪಿನ ಗುರುತು ಬೀಳುವುದೂ ಸಾಮಾನ್ಯ. ಪ್ರತಿ ಗುಂಡಿಗೂ ನಳಿಕೆ ವಾಲುವಾಗ ಸ್ಲೈಡಿನ ಮುಂದಿನ ರಂಧ್ರದ ಅಂಚಿಗೆ ಅದು ಉಜ್ಜುತ್ತದೆ. ಗುಂಡು ಹಾರಿಸುತ್ತ ಹೋದಂತೆ ಆ ಗುರುತು ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ. ಸ್ಲೈಡಿನ ಒಳಗೆ, ತೋಟಾದ ಹಿಂಭಾಗ ಬಂದು ತಾಗುವ ಜಾಗದಲ್ಲಿ, ಚಿನ್ನದ ಬಣ್ಣದ ಕಲೆ ಕಂಡರೆ ಅದು ತೋಟಾದ ಹಿತ್ತಾಳೆ ಉಜ್ಜಿ ಬಿಟ್ಟದ್ದು.

ಹೊಸ ಗ್ಲಾಕ್ ಪಿಸ್ತೂಲನ್ನು ಬಿಚ್ಚಿದವರು ಸ್ಲೈಡಿನ ಒಳಗೆ ತಾಮ್ರದ ಬಣ್ಣದ ಜಿಡ್ಡನ್ನು ಕಂಡು, ಅದನ್ನು ತುಕ್ಕೆಂದೋ ಕಾರ್ಖಾನೆಯ ಕೊಳೆಯೆಂದೋ ಭಾವಿಸಿ ಒರೆಸಿ ಹಾಕುವುದನ್ನು ನಾನು ಮತ್ತೆ ಮತ್ತೆ ಕೇಳಿದ್ದೇನೆ. ಅದು ಕಾರ್ಖಾನೆಯಲ್ಲೇ ಹಚ್ಚಿದ ಗ್ರೀಸು. ಹೊಸ ಭಾಗಗಳು ಒಂದಕ್ಕೊಂದು ಹೊಂದಿಕೊಳ್ಳುವವರೆಗೆ ಅದನ್ನು ತೆಗೆಯಬಾರದೆಂದು ತಯಾರಕರ ಕೈಪಿಡಿಯೇ ಹೇಳುತ್ತದೆ. ಈ ಲೇಖನದಲ್ಲಿ ಬರುವ ವಿಚಿತ್ರಗಳಲ್ಲೆಲ್ಲ, ಸರಿಪಡಿಸಲು ಹೋಗಿ ಒಳ್ಳೆಯದನ್ನು ಕಳೆದುಕೊಳ್ಳುವ ಸಂದರ್ಭ ಇದೊಂದೇ ಇರಬೇಕು.

ಬಣ್ಣ ಹೊಂದದಿರುವುದು

ಕಪ್ಪು ಬಿಟ್ಟು ಮಣ್ಣಿನ ಬಣ್ಣದಲ್ಲೋ ಹಸಿರಿನಲ್ಲೋ ಬರುವ ಪಿಸ್ತೂಲುಗಳಲ್ಲಿ ಸ್ಲೈಡ್ ಒಂದು ಛಾಯೆ, ಚೌಕಟ್ಟು ಇನ್ನೊಂದು ಛಾಯೆ, ಮ್ಯಾಗಜೀನ್ ಮತ್ತೊಂದು ಛಾಯೆ ಇರುತ್ತದೆ. ಚೌಕಟ್ಟಿನಲ್ಲಿ ಬಣ್ಣ ನೈಲಾನಿನೊಳಗೇ ಬೆರೆತಿದೆ, ಸ್ಲೈಡಿನಲ್ಲಿ ಅದು ಉಕ್ಕಿನ ಮೇಲಿನ ತೆಳು ಲೇಪ. ಎರಡು ಬೇರೆ ವಸ್ತುಗಳು ಒಂದೇ ಬೆಳಕನ್ನು ಒಂದೇ ರೀತಿಯಲ್ಲಿ ಹಿಂತಿರುಗಿಸುವುದಿಲ್ಲ. ಅಮೆರಿಕದ ಸೈನ್ಯ 2017ರಲ್ಲಿ ಆರಿಸಿಕೊಂಡ ಎಂ17 ಪಿಸ್ತೂಲಿನಲ್ಲಿಯೂ ಈ ಛಾಯಾಭೇದ ಎದ್ದು ಕಾಣುತ್ತದೆ.

ನಿಜವಾದ ಬಿರುಕನ್ನು ಗುರುತಿಸುವುದು ಹೇಗೆ?

ಇಷ್ಟೆಲ್ಲ ಹೇಳಿದ ಮೇಲೂ ಪಾಲಿಮರ್ ಚೌಕಟ್ಟು ಎಂದಿಗೂ ಬಿರಿಯುವುದಿಲ್ಲ ಎಂದು ಅರ್ಥವಲ್ಲ. ಅಪರೂಪಕ್ಕೆ ಬಿರಿಯುತ್ತದೆ, ಹಳಿಯೂ ಮುರಿಯಬಹುದು. ಆದ್ದರಿಂದ ಗೆರೆಯನ್ನೂ ಬಿರುಕನ್ನೂ ಬೇರ್ಪಡಿಸಿ ನೋಡುವ ಕ್ರಮವನ್ನು ತಿಳಿದಿರಬೇಕು.

ನೋಡುವುದಕ್ಕೆ ಮೊದಲು ಪಿಸ್ತೂಲು ಖಾಲಿ ಇರುವುದನ್ನು ಖಚಿತಪಡಿಸಿಕೊಳ್ಳುವುದು ಕಡ್ಡಾಯ. ಮೂತಿಯನ್ನು ಜನರಿಲ್ಲದ, ಅಪಾಯವಿಲ್ಲದ ದಿಕ್ಕಿಗೆ ತಿರುಗಿಸಿ, ಬೆರಳನ್ನು ಟ್ರಿಗರಿನಿಂದ ದೂರವಿಟ್ಟು, ಮೊದಲು ಮ್ಯಾಗಜೀನನ್ನು ಹೊರತೆಗೆಯಬೇಕು. ಆಮೇಲೆ ಸ್ಲೈಡನ್ನು ಹಿಂದಕ್ಕೆಳೆದು ನಳಿಕೆಯೊಳಗೆ ತೋಟಾ ಉಳಿದಿಲ್ಲವೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಪರೀಕ್ಷಿಸಬೇಕು. ಈ ಕ್ರಮವನ್ನು ಹಿಂದುಮುಂದು ಮಾಡಿದರೆ, ಸ್ಲೈಡ್ ಮುಂದಕ್ಕೆ ಬರುವಾಗ ಮ್ಯಾಗಜೀನಿನಿಂದ ಹೊಸ ತೋಟಾ ನಳಿಕೆಗೆ ಸೇರುತ್ತದೆ.

ಅಚ್ಚಿನ ಗೆರೆ ಶಿಸ್ತಿನದು. ಅದು ನೇರವಾಗಿಯೋ ನಯವಾದ ತಿರುವಿನಲ್ಲಿಯೋ ಸಾಗುತ್ತದೆ, ಚೌಕಟ್ಟಿನ ನಡುಗೆರೆಯನ್ನು ಹಿಡಿದು ಹೋಗುತ್ತದೆ, ಮತ್ತು ಅದೇ ಮಾದರಿಯ ಇನ್ನೊಂದು ಪಿಸ್ತೂಲಿನಲ್ಲಿ ಅದೇ ಜಾಗದಲ್ಲಿ ಇರುತ್ತದೆ. ಬಿರುಕು ಹಾಗಲ್ಲ. ಅದು ಚೂಪು ಮೂಲೆಯಲ್ಲಿ ಅಥವಾ ರಂಧ್ರದ ಅಂಚಿನಲ್ಲಿ ಹುಟ್ಟಿ, ಅಂಕುಡೊಂಕಾಗಿ ಅಲೆದು, ತೆಳುವಾಗುತ್ತ ಮುಗಿಯುತ್ತದೆ. ಖಾಲಿ ಚೌಕಟ್ಟನ್ನು ಬಿಚ್ಚಿ ಮೆಲ್ಲನೆ ಬಗ್ಗಿಸಿದರೆ ಬಿರುಕು ಬಾಯಿ ತೆರೆಯುತ್ತದೆ, ಅಚ್ಚಿನ ಗೆರೆ ತೆರೆಯುವುದಿಲ್ಲ. ಆ ಜಾಗಕ್ಕೆ ತೆಳು ಎಣ್ಣೆ ಹಚ್ಚಿ, ಮೇಲ್ಮೈಯನ್ನು ಪೂರ್ತಿ ಒರೆಸಿ, ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಬಿರುಕಿನೊಳಗೆ ಇಳಿದ ಎಣ್ಣೆ ಮತ್ತೆ ಜಿನುಗಿ ಗೆರೆಯನ್ನು ಎದ್ದು ತೋರಿಸುತ್ತದೆ. ಎಲ್ಲಕ್ಕಿಂತ ನಂಬಬಹುದಾದ ಪರೀಕ್ಷೆ ಕಾಲದ್ದು: ಇಂದು ಒಂದು ಚಿತ್ರ ತೆಗೆದಿಟ್ಟು, ಅಭ್ಯಾಸದ ನಂತರ ಅದೇ ಬೆಳಕಿನಲ್ಲಿ, ಅದೇ ಕೋನದಲ್ಲಿ ಇನ್ನೊಂದನ್ನು ತೆಗೆದು ಹೋಲಿಸುವುದು. ಅಚ್ಚಿನ ಗುರುತು ಹುಟ್ಟಿದಂದಿನಿಂದ ಬದಲಾಗುವುದಿಲ್ಲ, ಬಿರುಕು ಬೆಳೆಯುತ್ತದೆ.

ಜಾಗವನ್ನೂ ಗಮನಿಸಬೇಕು. ಹಿಡಿಯ ಬೆನ್ನಿನ ಮೇಲಿನ ಗೆರೆಗೆ ಕೊಡದ ಗಮನವನ್ನು ಉಕ್ಕಿನ ಹಳಿಗಳ ಬುಡಕ್ಕೆ, ಲಾಕಿಂಗ್ ಬ್ಲಾಕನ್ನು ಹಿಡಿದಿರುವ ಪಿನ್ನಿನ ರಂಧ್ರಕ್ಕೆ ಮತ್ತು ಚೌಕಟ್ಟಿನ ಹಿಂತುದಿಗೆ ಕೊಡಬೇಕು. ಹೊಡೆತ ಹಾದುಹೋಗುವ ಜಾಗಗಳು ಅವೇ. ಅಲ್ಲಿ ಹೊಸ ಗೆರೆ ಕಂಡರೆ, ಹಳಿಯ ತುಣುಕು ಮುರಿದಿದ್ದರೆ, ಪಿನ್ನು ತಾನಾಗಿ ಹೊರಗೆ ಸರಿಯುತ್ತಿದ್ದರೆ, ಟ್ರಿಗರ್ ಹಿಂದೆಂದೂ ಇಲ್ಲದ ರೀತಿಯಲ್ಲಿ ವರ್ತಿಸಿದರೆ, ಗುಂಡು ಹಾರಿಸುವುದನ್ನು ಅಲ್ಲಿಗೇ ನಿಲ್ಲಿಸಿ ಕ್ರಮಸಂಖ್ಯೆ ಮತ್ತು ಚಿತ್ರಗಳೊಂದಿಗೆ ತಯಾರಕರನ್ನೋ ಪರವಾನಗಿ ಪಡೆದ ಬಂದೂಕು ರಿಪೇರಿಯವರನ್ನೋ ಸಂಪರ್ಕಿಸಬೇಕು. ಪಡೆಗಳಲ್ಲಿ ಇರುವವರು ಆಯುಧವನ್ನು ಆಯುಧಗಳ ದುರಸ್ತಿ ನೋಡಿಕೊಳ್ಳುವ ತಮ್ಮ ಆರ್ಮರರ್ ಕೈಗೆ ಒಪ್ಪಿಸಬೇಕು. ಅಂತಹ ಬಿರುಕನ್ನು ಅಂಗಡಿಯ ಅಂಟಿನಿಂದ ಮುಚ್ಚುವ ಪ್ರಯತ್ನ ಮಾಡಬಾರದು. ನೈಲಾನಿಗೆ ಆ ಅಂಟು ಚೆನ್ನಾಗಿ ಹಿಡಿಯುವುದಿಲ್ಲ, ಮತ್ತು ಬಿರುಕು ಎಲ್ಲಿಯವರೆಗೆ ಬೆಳೆದಿದೆ ಎಂಬುದನ್ನು ಆಮೇಲೆ ನೋಡಬೇಕಾದವರ ಕಣ್ಣಿನಿಂದಲೂ ಅದು ಮರೆಮಾಡುತ್ತದೆ.